ತುಟಿ ಅಲುಗದ ಮಾತು

ಮೈಸೂರಿನಲ್ಲಿ ನವರಾತ್ರಿ ಬಂತೆಂದರೆ ಮನೆಮನೆಯಲ್ಲೂ ಗೊಂಬೆಗಳು ಹಲಗೆಯೇರಿ ಕುಳಿತುಕೊಳ್ಳುತ್ತವೆ. ಪಟ್ಟದ ಗೊಂಬೆಗಳೇನು, ಅಂಗಡಿ ಇಟ್ಟುಕೊಂಡ ಶೆಟ್ಟಿ ದಂಪತಿಗಳೇನು, ದಿಬ್ಬಣವೇನು! ಹಾಡು, ಆರತಿ, ಬೊಂಬೆ ಬಾಗಿನ ಎಲ್ಲವೂ ಅವುಗಳ ಹೆಸರಿನಲ್ಲಿ ನಡೆಯುತ್ತವೆ. ಆದರೆ ಒಂದು ಮಾತನ್ನೂ ಆಡದೆ ಅವು ಮತ್ತೆ ಪೆಟ್ಟಿಗೆ ಸೇರುತ್ತವೆ. ಗೊಂಬೆ ಮಾತನಾಡಬೇಕು ಎಂಬುದು ಮಾತ್ರ ಮನುಷ್ಯನ ಬಹು ಹಳೆಯ ಆಸೆ. ವಿಕ್ರಮಾದಿತ್ಯನ ಸಿಂಹಾಸನವನ್ನೇರಲು ಬಂದ ಭೋಜರಾಜನನ್ನು ಮೂವತ್ತೆರಡು ಪುತ್ಥಳಿಗಳು ಒಂದೊಂದಾಗಿ ತಡೆದು ಕಥೆ ಹೇಳಿದವು. ಅದೇ ವಿಕ್ರಮನ ಹೆಗಲ ಮೇಲಿನ ಹೆಣದೊಳಗಿನಿಂದ ಬೇತಾಳ ಪ್ರಶ್ನೆ ಕೇಳಿತು. ಬತ್ತೀಸ ಪುತ್ಥಳಿಯ ಕಥೆ, ಬೇತಾಳನ ಕಥೆ ಇವೆರಡನ್ನೂ ಕೇಳದೆ ಬೆಳೆದ ಕನ್ನಡ ಮಕ್ಕಳು ಹಿಂದೆ ಅಪರೂಪವಾಗಿದ್ದರು.

ಕಥೆಯಲ್ಲಿ ಗೊಂಬೆ ಮಾತನಾಡುವುದು ದೈವಬಲದಿಂದ. ರಂಗದ ಮೇಲೆ ಮಾತನಾಡುವುದು ಮನುಷ್ಯನ ಉಸಿರಿನಿಂದ. ತೊಡೆಯ ಮೇಲೊಂದು ಗೊಂಬೆಯನ್ನು ಕೂರಿಸಿಕೊಂಡು, ತನ್ನ ತುಟಿ ಅಲುಗದಂತೆ, ಮಾತು ಗೊಂಬೆಯ ಬಾಯಿಂದಲೇ ಬಂದಂತೆ ನುಡಿಯುವ ವಿದ್ಯೆಗೆ ಇಂಗ್ಲಿಷಿನವರು ವೆಂಟ್ರಿಲಾಕ್ವಿಸಂ ಎನ್ನುತ್ತಾರೆ. ನೆರೆಯ ಮರಾಠಿಯವರು ಇದನ್ನು ಶಬ್ದಭ್ರಮ ಎಂದು ಕರೆದರು. ನಾವೂ ಶಬ್ದಭ್ರಮೆ ಎಂದು ಕರೆಯಬಹುದು. ಇದನ್ನು ಕೇವಲ ಪರದೇಶದ ಕಣ್ಕಟ್ಟು ಎಂದು ತಳ್ಳಿಹಾಕುವವರುಂಟು. ಆದರೆ ಈ ವಿದ್ಯೆಯನ್ನು ಬಿಡಿಬಿಡಿಯಾಗಿ ಬಿಚ್ಚಿ ನೋಡಿದರೆ, ಅದರ ಒಂದೊಂದು ಅಂಗವೂ ನಮ್ಮ ವ್ಯಾಕರಣದಲ್ಲಿ, ಸಂಗೀತದಲ್ಲಿ, ನಾಟಕದಲ್ಲಿ, ಬಯಲಿನ ಗೊಂಬೆಯಾಟದಲ್ಲಿ ಮೊದಲಿನಿಂದಲೂ ಇದ್ದುದು ಕಂಡುಬರುತ್ತದೆ. ಕಲಿಯಬಯಸುವ ಕನ್ನಡಿಗನು ದೂರ ಹೋಗಬೇಕಾದುದಿಲ್ಲ, ವರ್ಣಮಾಲೆಯಿಂದಲೇ ಆರಂಭಿಸಬಹುದು.

ಮೊದಲು ಹೆಸರನ್ನೇ ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ವೆಂಟರ್’ ಎಂದರೆ ಹೊಟ್ಟೆ, ‘ಲೋಕ್ವಿ’ ಎಂದರೆ ಮಾತನಾಡು. ಹೊಟ್ಟೆಯಿಂದ ಮಾತನಾಡುವುದು ಎಂದು ಅರ್ಥ. ಗ್ರೀಕರ ಹೆಸರಿಗೂ ಇದೇ ಅರ್ಥ. ಕ್ರಿಸ್ತನಿಗೆ ಮುಂಚೆ ಐದನೆಯ ಶತಮಾನದ ಅಥೆನ್ಸ್ ನಗರದಲ್ಲಿ ಯೂರಿಕ್ಲೀಸ್ ಎಂಬ ಕಣಿಗಾರನೊಬ್ಬನಿದ್ದನೆಂದೂ, ಅವನ ಹೊಟ್ಟೆಯೊಳಗಿನ ದೈವ ನುಡಿಯುತ್ತದೆಂದು ಜನ ನಂಬಿದ್ದರೆಂದೂ ಅರಿಸ್ಟೋಫನೀಸನ ಪ್ರಹಸನದಿಂದ ತಿಳಿದುಬರುತ್ತದೆ. ನಮ್ಮ ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಬರೆದ ‘ಶಬ್ದಮಣಿದರ್ಪಣ’ದ ಆರಂಭದಲ್ಲಿ ಶಬ್ದವು ಎಲ್ಲಿ ಹುಟ್ಟುತ್ತದೆ ಎಂಬುದನ್ನು ಹೇಳುತ್ತಾನೆ. ಜೀವನ ಇಚ್ಛೆಯಿಂದ, ಅನುಕೂಲವಾದ ಗಾಳಿಯ ನೆರವಿನಿಂದ, ನಾಭಿಯ ಮೂಲದಲ್ಲಿ, ಕಹಳೆಯ ರೀತಿಯಲ್ಲಿ ಶಬ್ದ ಹುಟ್ಟುತ್ತದೆ ಎಂಬುದು ಅವನ ಮತ. ಯೂರಿಕ್ಲೀಸನ ಊರಿನವರಿಗೆ ಹೊಟ್ಟೆಯ ಮಾತು ದೈವದ ಪವಾಡವಾಗಿ ಕಂಡಿತು. ನಮ್ಮ ವೈಯಾಕರಣನಿಗೆ ಎಲ್ಲ ಮಾತೂ ಹೊಟ್ಟೆಯ ಮಾತೇ. ಎಲ್ಲರೂ ನಾಭಿಯಿಂದ ಆಡುವವರೇ ಆದಮೇಲೆ ಅದರಲ್ಲಿ ಹೆದರತಕ್ಕದ್ದೇನಿದೆ?

ಹೆದರಿಕೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಬಹುಕಾಲ ಈ ವಿದ್ಯೆ ಆಟವಾಗಿರಲಿಲ್ಲ. ದೇವರ ಹೆಸರಿನಲ್ಲಿ, ಪ್ರೇತದ ಹೆಸರಿನಲ್ಲಿ ಜನರನ್ನು ಮಣಿಸುವ ಸಾಧನವಾಗಿತ್ತು. ಅದನ್ನು ಬೆಳಕಿಗೆ ತಂದವರಲ್ಲಿ ಮುಖ್ಯನಾದವನು ಫ್ರಾನ್ಸಿನ ಪಾದ್ರಿ ದ ಲಾ ಶಾಪೆಲ್. ಅವನು ೧೭೭೨ರಲ್ಲಿ ಈ ವಿಷಯವಾಗಿಯೇ ಒಂದು ಗ್ರಂಥ ಬರೆದ. ಪ್ಯಾರಿಸ್ ಬಳಿಯ ಸ್ಯಾಂ ಜಿಲ್ ಎಂಬ ದಿನಸಿ ವ್ಯಾಪಾರಿಯ ಪ್ರಸಂಗ ಅದರಲ್ಲಿದೆ. ಒಮ್ಮೆ ಈತ ಒಂದು ಮಠಕ್ಕೆ ಹೋಗಿದ್ದಾಗ ಅಲ್ಲಿಯ ಸನ್ಯಾಸಿಗಳು ಆಗತಾನೆ ತೀರಿಕೊಂಡ ಸೋದರನೊಬ್ಬನಿಗಾಗಿ ಶೋಕಿಸುತ್ತಿದ್ದರು. ಇದ್ದಕ್ಕಿದ್ದಂತೆ ಚಾವಣಿಯ ಕಡೆಯಿಂದ ಸತ್ತವನ ದನಿ ಕೇಳಿಸಿತು. ನನಗಾಗಿ ನೀವು ಮನಸ್ಸಿಟ್ಟು ಪ್ರಾರ್ಥಿಸಲಿಲ್ಲವಲ್ಲ ಎಂದು ಅದು ಗೋಳಾಡಿತು. ಸನ್ಯಾಸಿಗಳು ನೆಲಕ್ಕೆ ಬಿದ್ದು ಪ್ರಾರ್ಥನೆಗೆ ತೊಡಗಿದರು. ಅದು ತನ್ನದೇ ದನಿ ಎಂದು ವ್ಯಾಪಾರಿ ಹೇಳಿದರೆ ಅವರನ್ನು ನಂಬಿಸುವುದೇ ಕಷ್ಟವಾಯಿತಂತೆ. ಗುಟ್ಟು ತಿಳಿದ ಮೇಲೆ ಪ್ರೇತ ಅಡಗಿತು, ಕಲೆ ಉಳಿಯಿತು. ವಿದ್ಯೆಯನ್ನು ಕಲಿಯುವುದರಿಂದ ಬರುವ ಮೊದಲನೆಯ ಲಾಭವೇ ಇದು: ಕಲಿತವನು ಮತ್ತೊಬ್ಬನ ಹೊಟ್ಟೆಯ ದೈವಕ್ಕೆ ಹೆದರುವುದಿಲ್ಲ.

ಇನ್ನು ಕಲಿಯುವ ಬಗೆ. ಇದರಲ್ಲಿ ನಿಜವಾದ ತೊಡಕು ಇರುವುದು ಹೊಟ್ಟೆಯಲ್ಲಲ್ಲ, ತುಟಿಯಲ್ಲಿ. ನಮ್ಮ ವರ್ಣಮಾಲೆ ಅಕ್ಷರಗಳನ್ನು ಹುಟ್ಟುವ ಜಾಗಕ್ಕೆ ಸರಿಯಾಗಿ ಸಾಲುಗೊಳಿಸಿದೆ. ಕವರ್ಗ ಗಂಟಲಿನದು, ಚವರ್ಗ ತಾಲುವಿನದು, ಟವರ್ಗ ಮೂರ್ಧದ್ದು, ತವರ್ಗ ಹಲ್ಲಿನದು, ಪವರ್ಗ ತುಟಿಯದು. ಮೊದಲ ನಾಲ್ಕು ವರ್ಗಗಳ ಇಪ್ಪತ್ತು ಅಕ್ಷರಗಳನ್ನೂ ತುಟಿ ಅಲುಗಿಸದೆ ಉಚ್ಚರಿಸಬಹುದು. ಕನ್ನಡಿಯ ಮುಂದೆ ನಿಂತು, ತುಟಿಗಳನ್ನು ಎಳ್ಳಷ್ಟು ತೆರೆದು, ಹಲ್ಲುಗಳನ್ನು ಹಗುರವಾಗಿ ಕೂಡಿಸಿ, ಮಂದಹಾಸದ ಮುಖದಿಂದ ಕ ಖ ಗ ಘ ಎಂದು ಹೇಳಿ ನೋಡಿ. ಯಾವ ಕಷ್ಟವೂ ಇಲ್ಲ. ಪ ಫ ಬ ಭ ಮ ಎಂಬಲ್ಲಿಗೆ ಬಂದಾಗ ಬಂಡಿ ನಿಲ್ಲುತ್ತದೆ. ವಕಾರಕ್ಕೆ ಹಲ್ಲು ಮತ್ತು ತುಟಿ ಎರಡೂ ಬೇಕು. ಉ, ಊ, ಒ, ಓ, ಔ ಎಂಬ ಸ್ವರಗಳಿಗೆ ತುಟಿ ದುಂಡಗಾಗಬೇಕು. ಇವನ್ನು ಮಾತ್ರ ನಾಲಿಗೆಯ ಹಿಂಭಾಗವನ್ನು ಏರಿಸಿ ಸಾಕಷ್ಟು ಮಟ್ಟಿಗೆ ಸಾಧಿಸಬಹುದು. ಆದುದರಿಂದ ಶಬ್ದಭ್ರಮೆ ಕಲಿಯುವವನ ಶತ್ರುಗಳೆಂದರೆ ಪವರ್ಗದ ಐದು ಅಕ್ಷರ ಮತ್ತು ವಕಾರ, ಇಷ್ಟೇ.

ಈ ಶತ್ರುಗಳನ್ನು ಎದುರಿಸುವುದಕ್ಕೆ ಎರಡು ಉಪಾಯಗಳುಂಟು. ಒಂದನೆಯದು, ಆ ಅಕ್ಷರಗಳೇ ಬಾರದಂತೆ ಮಾತನ್ನು ಹೊಸೆಯುವುದು. ಇದನ್ನು ನಮ್ಮ ಆಲಂಕಾರಿಕರು ನಿರೋಷ್ಠ್ಯ ಎಂದರು. ದಂಡಿಯ ‘ದಶಕುಮಾರ ಚರಿತೆ’ಯ ಏಳನೆಯ ಉಚ್ಛ್ವಾಸದಲ್ಲಿ ಮಂತ್ರಗುಪ್ತನೆಂಬವನು ತನ್ನ ಕಥೆ ಹೇಳಬೇಕಾಗಿ ಬರುತ್ತದೆ. ಪ್ರಣಯದಲ್ಲಿ ಅವನ ತುಟಿಗೆ ಗಾಯವಾಗಿದೆ; ತುಟಿಗೆ ತುಟಿ ತಗುಲಿದರೆ ನೋವು. ಆದಕಾರಣ ಒಂದಾದರೂ ಓಷ್ಠ್ಯಾಕ್ಷರವಿಲ್ಲದೆ ಕಥೆಯನ್ನು ಮುಗಿಸುತ್ತಾನೆ. ದಂಡಿಗೆ ಗೊಂಬೆಯಿರಲಿಲ್ಲ, ಮೊಣಕಾಲ ಮೇಲಿನ ಆಟವಿರಲಿಲ್ಲ. ಆದರೂ ಈ ಕಲೆಯ ಅತ್ಯಂತ ಕಠಿಣವಾದ ಪಾಠವನ್ನು ಸಾವಿರ ವರ್ಷಕ್ಕೂ ಹಿಂದೆಯೇ ಬರೆದಿಟ್ಟನು.

ಈ ನಿರೋಷ್ಠ್ಯದ ಅತ್ಯಂತ ಸೊಗಸಾದ ಉದಾಹರಣೆ ಹುಟ್ಟಿದ್ದು ನಮ್ಮ ಮೈಸೂರಿನ ಅರಮನೆಯ ಆಶ್ರಯದಲ್ಲಿ ಎಂಬುದು ಸಂತೋಷದ ಸಂಗತಿ. ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು (೧೮೭೭–೧೯೪೫) ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದ್ವಾಂಸರಾಗಿದ್ದು, ಚಾಮುಂಡೇಶ್ವರಿಯ ಮೇಲೆ ೧೦೮ ಕೃತಿಗಳನ್ನು ರಚಿಸಿದರು. ಅವರು ಕಲ್ಪಿಸಿದ ಒಂದು ರಾಗದ ಹೆಸರೇ ನಿರೋಷ್ಠ. ಸಪ್ತಸ್ವರಗಳಲ್ಲಿ ತುಟಿ ಕೂಡಿಸಿ ಹೇಳಬೇಕಾದವು ಎರಡೇ: ಮಧ್ಯಮದ ‘ಮ’ ಮತ್ತು ಪಂಚಮದ ‘ಪ’. ಈ ಎರಡನ್ನೂ ಬಿಟ್ಟು ಸ, ರಿ, ಗ, ದ, ನಿ ಎಂಬ ಐದೇ ಸ್ವರಗಳಲ್ಲಿ ರಾಗವನ್ನು ಕಟ್ಟಿದರು. ಅಷ್ಟರಿಂದಲೇ ತೃಪ್ತರಾಗದೆ, ‘ರಾಜರಾಜರಾಧಿತೆ’ ಎಂಬ ಕೃತಿಯಲ್ಲಿ ಸಾಹಿತ್ಯವನ್ನೂ ತುಟಿಗೆ ತುಟಿ ತಾಕದಂತೆ ಹೊಂದಿಸಿದರು. ಸ್ವರ ಹಾಡಿದರೂ ತುಟಿ ಕೂಡುವುದಿಲ್ಲ, ಸಾಹಿತ್ಯ ಹಾಡಿದರೂ ಕೂಡುವುದಿಲ್ಲ. ಕೇಳುವವರಿಗೆ ಇದೊಂದು ಕಸರತ್ತೆಂದು ತೋರುವುದೇ ಇಲ್ಲ. ಭಕ್ತಿಯ ಕೃತಿಯಾಗಿಯೇ ಕೇಳಿಸುತ್ತದೆ. ಕಟ್ಟುಪಾಡು ಕಾಣದಂತೆ ಕಟ್ಟುಪಾಡನ್ನು ಪಾಲಿಸುವುದು ಎಂದರೆ ಇದೇ ಅಲ್ಲವೆ?

ಎರಡನೆಯ ಉಪಾಯವೆಂದರೆ ತುಟಿಯ ಕೆಲಸವನ್ನು ನಾಲಿಗೆಗೆ ಒಪ್ಪಿಸುವುದು. ‘ಪ’ ಬರುವಲ್ಲಿ ‘ತ’, ‘ಬ’ ಬರುವಲ್ಲಿ ‘ದ’, ‘ಮ’ ಬರುವಲ್ಲಿ ‘ನ’ ಎನ್ನಬೇಕು. ಆದರೆ ಒರಟಾಗಿ ಅಲ್ಲ. ಮನಸ್ಸಿನಲ್ಲಿ ಮೂಲಾಕ್ಷರವನ್ನೇ ನೆನೆಯುತ್ತ, ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಮೃದುವಾಗಿ ಒತ್ತಿ ಬಿಡಬೇಕು. ಮೊದಮೊದಲು ಕಲಿಯುವವನ ಗೊಂಬೆ ‘ಅಮ್ಮ’ ಎನ್ನಹೋಗಿ ‘ಅನ್ನ’ ಎನ್ನುತ್ತದೆ, ‘ಅಪ್ಪ’ ಎನ್ನಹೋಗಿ ‘ಅತ್ತ’ ಎನ್ನುತ್ತದೆ. ಮೈಸೂರು ‘ನೈಸೂರು’ ಆಗುತ್ತದೆ. ಹಾಲುಗಲ್ಲದ ಕೂಸು ಎಲ್ಲಕ್ಕಿಂತ ಮೊದಲು ಕಲಿಯುವ ಅಕ್ಷರಗಳೇ ಗೊಂಬೆಗೆ ಎಲ್ಲಕ್ಕಿಂತ ಕೊನೆಗೆ ಒಲಿಯುತ್ತವೆ. ತಿಂಗಳುಗಟ್ಟಲೆ ಸಾಧಿಸಿದರೆ ಭೇದ ಕಿವಿಗೆ ತಿಳಿಯದಷ್ಟು ಸಣ್ಣದಾಗುತ್ತದೆ. ಉಳಿದುದನ್ನು ವಾಕ್ಯದ ಅರ್ಥವೇ ತುಂಬಿಕೊಡುತ್ತದೆ.

ಇಲ್ಲಿ ಕನ್ನಡ ನುಡಿಯು ತಾನಾಗಿಯೇ ಮಾಡಿರುವ ಒಂದು ಉಪಕಾರವನ್ನು ನೆನೆಯದೆ ಮುಂದೆ ಹೋಗಬಾರದು. ಹಳಗನ್ನಡದ ಪಕಾರ ನಡುಗನ್ನಡದ ಕಾಲದಲ್ಲಿ ಹಕಾರವಾಗಿ ತಿರುಗಿತೆಂಬುದು ಪ್ರೌಢಶಾಲೆಯ ಹುಡುಗರಿಗೂ ತಿಳಿದ ವಿಷಯ. ಪಾಲು ಹಾಲಾಯಿತು, ಪಕ್ಕಿ ಹಕ್ಕಿಯಾಯಿತು, ಪುಲಿ ಹುಲಿಯಾಯಿತು, ಪಾಡು ಹಾಡಾಯಿತು, ಪೋಗು ಹೋಗಾಯಿತು. ಹಕಾರಕ್ಕೆ ತುಟಿ ಬೇಡ. ಪಂಪನ ಕಾಲದ ಗೊಂಬೆಗೆ ‘ಪಕ್ಕಿ ಪಾಡಿತು’ ಎನ್ನುವುದು ಶಿಕ್ಷೆಯಾಗುತ್ತಿತ್ತು. ಇಂದಿನ ಗೊಂಬೆ ‘ಹಕ್ಕಿ ಹಾಡಿತು’ ಎಂದು ನಿರಾಯಾಸವಾಗಿ ಹೇಳೀತು. ಇನ್ನು ಕನ್ನಡ, ಕರ್ನಾಟಕ ಎಂಬ ಹೆಸರುಗಳಲ್ಲಂತೂ ತುಟಿಯ ಅಕ್ಷರ ಒಂದೂ ಇಲ್ಲ. ನಮ್ಮ ನಾಡು ನುಡಿಗಳ ಹೆಸರನ್ನು ಗೊಂಬೆ ಮೊದಲ ದಿನವೇ ತಪ್ಪಿಲ್ಲದೆ ಹೇಳಬಲ್ಲದು!

ತುಟಿಯನ್ನು ಗೆದ್ದಮೇಲೆ ಬರುವುದು ಉಸಿರು ಮತ್ತು ಕಂಠ. ಗೊಂಬೆಯ ದನಿ ಆಡಿಸುವವನ ದನಿಗಿಂತ ಸ್ಥಾಯಿಯಲ್ಲೂ ಗುಣದಲ್ಲೂ ಬೇರೆಯಾಗಿರಬೇಕು. ದೂರದಿಂದ, ಬಾವಿಯೊಳಗಿಂದ, ಪೆಟ್ಟಿಗೆಯೊಳಗಿಂದ ಬಂದಂತೆ ಕೇಳಿಸಬೇಕಾದರೆ, ತುಂಬ ಉಸಿರೆಳೆದುಕೊಂಡು, ನಾಲಿಗೆಯನ್ನು ಹಿಂದಕ್ಕೆ ಸೆಳೆದು, ಗಂಟಲನ್ನು ತುಸು ಬಿಗಿದು, ಉಸಿರನ್ನು ನಿಧಾನವಾಗಿ ಬಿಡುತ್ತ ನುಡಿಯಬೇಕು. ಹೊಟ್ಟೆಯ ಸ್ನಾಯುಗಳು ಉಸಿರಿಗೆ ಆಧಾರ ಕೊಡುತ್ತವೆ. ಹೊಟ್ಟೆಯ ಮಾತೆಂಬ ಹೆಸರಿನಲ್ಲಿರುವ ಸತ್ಯ ಇಷ್ಟೇ. ಸಂಗೀತಗಾರರ ಹಾಗೆ ದಿನವೂ ಸ್ವಲ್ಪಸ್ವಲ್ಪವಾಗಿ ಸಾಧಿಸಬೇಕೇ ಹೊರತು ಗಂಟಲು ನೋಯುವ ತನಕ ಹಟ ಹಿಡಿಯಬಾರದು.

ದನಿಯನ್ನು ಎಸೆಯುತ್ತಾರೆ ಎಂದು ಜನ ಹೇಳುವುದುಂಟು. ದನಿ ಚೆಂಡಲ್ಲ, ಅದನ್ನು ಎಸೆಯಲು ಯಾರಿಂದಲೂ ಸಾಧ್ಯವಿಲ್ಲ. ಶಬ್ದ ಯಾವ ಕಡೆಯಿಂದ ಬಂತೆಂಬುದನ್ನು ಗೊತ್ತುಮಾಡುವಾಗ ಕಿವಿ ತನ್ನ ಸಂದೇಹವನ್ನು ಕಣ್ಣಿನ ಮುಂದಿಡುತ್ತದೆ, ಕಣ್ಣು ಹೇಳಿದಂತೆ ಕೇಳುತ್ತದೆ. ೧೯೭೬ರಲ್ಲಿ ಮೆಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ಮನಃಶಾಸ್ತ್ರಜ್ಞರು ‘ಬ’ ಎಂಬ ಶಬ್ದವನ್ನು ಕೇಳಿಸುತ್ತ, ‘ಗ’ ಎನ್ನುವ ಬಾಯಿಯ ಚಿತ್ರವನ್ನು ತೋರಿಸಿದಾಗ, ನೋಡಿದವರಲ್ಲಿ ಬಹುಮಂದಿಗೆ ‘ದ’ ಎಂದು ಕೇಳಿಸಿತು. ನಾವು ಕಣ್ಣಿನಿಂದಲೂ ಕೇಳುತ್ತೇವೆ ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ? ಆದುದರಿಂದ ಗೊಂಬೆಯ ದವಡೆ ಅಕ್ಷರಕ್ಕೆ ಸರಿಯಾಗಿ ಆಡಬೇಕು. ಅದಕ್ಕಿಂತ ಮುಖ್ಯವಾಗಿ, ಆಡಿಸುವವನು ಗೊಂಬೆಯ ಮುಖ ನೋಡುತ್ತ ಕೇಳುವವನಂತೆ ಇರಬೇಕು. ಅವನು ಕೇಳಿದರೆ ಸಭೆಯೂ ಕೇಳುತ್ತದೆ.

ಕೇಳುವ ಅಭಿನಯದ ವಿಷಯದಲ್ಲಿ ನಮ್ಮ ನಾಟ್ಯಶಾಸ್ತ್ರಜ್ಞರು ಹಿಂದುಳಿದವರಲ್ಲ. ಭಾಣವೆಂಬ ರೂಪಕದಲ್ಲಿ ಪಾತ್ರಧಾರಿ ಒಬ್ಬನೇ. ರಂಗದ ಮೇಲಿಲ್ಲದವರ ಮಾತಿಗೆ ಕಿವಿಗೊಟ್ಟು, ಏನೆಂದೆ ಎಂದು ಕೇಳಿ, ಅವರ ಉತ್ತರವನ್ನೂ ತಾನೇ ನುಡಿದು ಮುಂದುವರಿಯುತ್ತಾನೆ. ಇದಕ್ಕೆ ಆಕಾಶಭಾಷಿತವೆಂದು ಹೆಸರು. ಆ ಅಭಿನಯದ ಬಲದಿಂದ ಬರಿಯ ರಂಗದಲ್ಲಿ ಒಂದು ಬೀದಿಯೇ ಜನರಿಂದ ತುಂಬುತ್ತದೆ. ಇಲ್ಲದವನ ಮಾತನ್ನು ಇದ್ದವನಂತೆ ಕೇಳಿಸಿಕೊಳ್ಳುವ ಈ ಅಭ್ಯಾಸವಿಲ್ಲದೆ ಬರಿಯ ತುಟಿಯ ನಿಗ್ರಹದಿಂದ ಗೊಂಬೆಗೆ ಜೀವ ಬರಲಾರದು.

ಆಕಾಶವೆಂಬ ಮಾತು ನಮ್ಮನ್ನು ಮತ್ತೆ ಮೈಸೂರಿಗೇ ಕರೆತರುತ್ತದೆ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದರು. ಆ ಪುಟ್ಟ ನಿಲಯಕ್ಕೆ ಬಂದ ಹೆಸರು ‘ಆಕಾಶವಾಣಿ’; ದೇವಕಿಯ ಮದುವೆಯ ದಿನ ಕಂಸನ ಕಿವಿಗೆ ಬಿದ್ದ ಅಶರೀರವಾಣಿಯ ನೆನಪು ತರುವ ಹೆಸರು. ಮುಂದೆ ಅದೇ ಹೆಸರು ಇಡೀ ದೇಶದ ಬಾನುಲಿಗೆ ನಿಂತಿತು. ಯೋಚಿಸಿ ನೋಡಿದರೆ, ಮನೆಯ ಮೂಲೆಯ ಮರದ ಪೆಟ್ಟಿಗೆಯೊಂದು ಮಾತನಾಡುವುದು, ಅದರ ಎದುರಿಗೆ ಕುಳಿತವರು ನಗುವುದು, ಅಳುವುದು, ಇದಕ್ಕಿಂತ ದೊಡ್ಡ ಶಬ್ದಭ್ರಮೆ ಯಾವುದು?

ವಿಚಿತ್ರವೆಂದರೆ ಪರದೇಶಗಳಲ್ಲಿ ಶಬ್ದಭ್ರಮೆಯ ಕಲೆಗೆ ದೊಡ್ಡ ಕೀರ್ತಿ ಬಂದದ್ದೂ ರೇಡಿಯೋದಲ್ಲಿಯೇ. ಅಮೆರಿಕದ ಎಡ್ಗರ್ ಬರ್ಗನ್ ತನ್ನ ಚಾರ್ಲಿ ಮೆಕಾರ್ಥಿ ಎಂಬ ಗೊಂಬೆಯೊಡನೆ ೧೯೩೭ರಿಂದ ವಾರವಾರವೂ ಪ್ರಸಾರ ಮಾಡಿ ಮನೆಮಾತಾದ. ಇಂಗ್ಲೆಂಡಿನ ಬಿ.ಬಿ.ಸಿ.ಯಲ್ಲಿ ಪೀಟರ್ ಬ್ರೋ ಎಂಬವನ ಆರ್ಚಿ ಆಂಡ್ರೂಸ್ ಎಂಬ ಗೊಂಬೆ ೧೯೫೦ರಿಂದ ಜನಪ್ರಿಯವಾಯಿತು. ರೇಡಿಯೋದಲ್ಲಿ ತುಟಿ ಯಾರಿಗೆ ಕಾಣುತ್ತದೆ? ಕಾಣದಿದ್ದಾಗ ಉಳಿಯುವುದೇನು? ಉಳಿಯುವುದು ಗೊಂಬೆಯ ಸ್ವಭಾವ: ಅದರ ತುಂಟತನ, ಅದರ ಎದುರುತ್ತರ, ಅದರ ನಗು. ಬರ್ಗನ್ನನ ತುಟಿ ಚೆನ್ನಾಗಿಯೇ ಅಲುಗುತ್ತಿತ್ತು. ಜನ ಅದನ್ನು ಲಕ್ಷಿಸಲೇ ಇಲ್ಲ. ನಮ್ಮ ದೇಶದಲ್ಲಿ ಮಹಾರಾಷ್ಟ್ರದ ವೈ. ಕೆ. ಪಾಧ್ಯೆಯವರೂ ಅವರ ಮಗ ರಾಮದಾಸ ಪಾಧ್ಯೆಯವರೂ ‘ಅರ್ಧವಟರಾವ್’ ಎಂಬ ಗೊಂಬೆಗೆ ಇಂಥ ಸ್ವಭಾವವನ್ನೇ ಕೊಟ್ಟರು. ಬೆಂಗಳೂರಿನ ಇಂದುಶ್ರೀಯವರ ಮಾತನಾಡುವ ಗೊಂಬೆ ಡಿಂಕುವೂ ಕನ್ನಡದ ಮಕ್ಕಳಿಗೆ ಪರಿಚಿತ. ತುಟಿ ನಿಗ್ರಹ ಬಾಗಿಲು ಮಾತ್ರ, ಸ್ವಭಾವವೇ ಮನೆ.

ಹಾಗಾದರೆ ಗೊಂಬೆಗೆ ಸ್ವಭಾವ ಕೊಡುವ ವಿದ್ಯೆಯಲ್ಲಿ ನಮ್ಮ ಗುರುಗಳು ಯಾರು? ತೊಗಲು ಗೊಂಬೆಯಾಟದ ಕಿಳ್ಳೇಕ್ಯಾತರು, ಸಿಳ್ಳೇಕ್ಯಾತರು. ಉಪ್ಪಿನಕುದ್ರುವಿನ ಕೊಗ್ಗ ಕಾಮತರಂಥ ಯಕ್ಷಗಾನ ಸೂತ್ರದ ಗೊಂಬೆಯವರು. ತೊಗಲು ಗೊಂಬೆಯ ಪರದೆಯ ಹಿಂದೆ ಕುಳಿತವರ ತುಟಿ ಎಷ್ಟು ಬೇಕಾದರೂ ಅಲುಗಬಹುದು. ಆದರೆ ಒಂದೇ ಗಂಟಲು ರಾವಣನಾಗಿ ಗರ್ಜಿಸಿ, ಮರುಗಳಿಗೆಗೆ ಮತ್ತೊಂದು ಪಾತ್ರವಾಗಿ ಮರುಗಬೇಕು. ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಹಾಸ್ಯದ ಜೋಡಿಯಾಗಿ ಜಗಳವಾಡಬೇಕು. ಪರದೆಯ ಹಿಂದೆ ಮನುಷ್ಯನಿದ್ದಾನೆಂಬುದು ನೋಡುವವರೆಲ್ಲರಿಗೂ ಗೊತ್ತು. ಗೊತ್ತಿದ್ದೂ ಅಳುತ್ತಾರೆ, ಗೊತ್ತಿದ್ದೂ ನಗುತ್ತಾರೆ. ಹೆದರಿಸುವ ಅಶರೀರವಾಣಿಗೂ ಈ ಆಟಕ್ಕೂ ಇರುವ ಅಂತರ ಇದೇ: ಇಲ್ಲಿ ಮೋಸವಿಲ್ಲ, ಒಪ್ಪಂದವಿದೆ.

ಈ ಗುರುಗಳ ಸಾಲು ತೆಳುವಾಗುತ್ತಿದೆ ಎಂಬುದು ಚಿಂತೆಯ ವಿಷಯ. ತೊಗಲು ಗೊಂಬೆಗಳಲ್ಲಿ ಗಾಂಧೀಜಿಯ ಕಥೆಯನ್ನೂ ಆಡಿಸಿದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ೨೦೨೩ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ದೊರೆತಾಗ ಅವರಿಗೆ ತೊಂಬತ್ತು ವರ್ಷ ಮೀರಿತ್ತು. ಗೌರವ ಬಂತು, ಸಂತೋಷ. ಆದರೆ ಆ ಕಂಠದಲ್ಲಿರುವುದನ್ನು ಕಲಿತವರೆಷ್ಟು ಮಂದಿ?

ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ೧೯೬೮ರಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿತು. ಅಲ್ಲಿಯ ಸಂಗ್ರಹದಲ್ಲಿ ತೊಗಲು ಗೊಂಬೆಗಳೂ ಇವೆ. ತೊಗಲನ್ನು ಕಾಪಾಡುವ ವಿದ್ಯೆ ನಮಗೆ ತಿಳಿದಿದೆ: ಹುಳು ಹಿಡಿಯದಂತೆ, ಬಣ್ಣ ಮಾಸದಂತೆ ನೋಡಿಕೊಂಡರೆ ಅದು ತಲೆಮಾರುಗಳ ಕಾಲ ಉಳಿಯುತ್ತದೆ. ದನಿಗೆ ಅಂಥ ಗಾಜಿನ ಪೆಟ್ಟಿಗೆಯಿಲ್ಲ. ಕಿಳ್ಳೇಕ್ಯಾತನ ಕೆಮ್ಮು ಹೇಗಿತ್ತು, ಬಂಗಾರಕ್ಕ ಯಾವ ಸ್ಥಾಯಿಯಲ್ಲಿ ಬಯ್ಯುತ್ತಿದ್ದಳು, ಲಕ್ಷ್ಮಣ ಬಿದ್ದಾಗ ರಾಮ ಎಷ್ಟು ಹೊತ್ತು ಸುಮ್ಮನಿರುತ್ತಿದ್ದ, ಇದನ್ನು ಯಾವ ಓಲೆಗರಿಯಲ್ಲೂ ಬರೆದಿಟ್ಟಿಲ್ಲ. ಅದು ಗಂಟಲಿನಿಂದ ಗಂಟಲಿಗೆ ದಾಟಬೇಕಾದ ಆಸ್ತಿ. ಧ್ವನಿಮುದ್ರಣ ಬಹಳ ಸಹಾಯ ಮಾಡುತ್ತದೆ, ಅದು ಆಗಲೇಬೇಕು. ಆದರೆ ಮುದ್ರಣ ಕೇಳಿಸುತ್ತದೆಯೇ ಹೊರತು ತಿದ್ದುವುದಿಲ್ಲ. ತಿದ್ದುವುದಕ್ಕೆ ಎದುರಿಗೆ ಗುರು ಬೇಕು.

ನಮ್ಮ ಶಾಲೆಗಳಲ್ಲಿ ವರ್ಣಮಾಲೆಯ ಪಾಠ ನಡೆಯುವಾಗ ಓಷ್ಠ್ಯಾಕ್ಷರ ಎಂಬುದನ್ನು ಮಕ್ಕಳು ಬಾಯಿಪಾಠ ಮಾಡಿ ಮರೆಯುತ್ತಾರೆ. ಅದೇ ಪಾಠಕ್ಕೆ ಒಂದು ಚಿಂದಿಯ ಗೊಂಬೆಯನ್ನು ತಂದು, ತುಟಿ ಕೂಡಿಸದೆ ಮಾತನಾಡಿ ನೋಡಿರೆಂದರೆ, ಪವರ್ಗ ಎಂದರೇನೆಂಬುದನ್ನು ಅವರು ಜನ್ಮವಿಡೀ ಮರೆಯಲಾರರು. ನಾಲ್ಕು ಜನರೆದುರು ಬಾಯಿ ಬಿಡದ ಮಗು ಗೊಂಬೆಯ ನೆಪದಲ್ಲಿ ಬಾಯಿ ಬಿಡುವುದನ್ನು ಅನೇಕ ಉಪಾಧ್ಯಾಯರು ಕಂಡಿರುತ್ತಾರೆ. ತನ್ನದಲ್ಲದ ದನಿಯಲ್ಲಿ ಆಡುತ್ತ ಆಡುತ್ತ ಅದು ತನ್ನ ದನಿಯನ್ನು ಕಂಡುಕೊಳ್ಳುತ್ತದೆ. ಹಾಗೆ ಕಲಿತ ಮಕ್ಕಳಲ್ಲಿ ಒಂದಿಬ್ಬರು ಮೋರನಾಳಕ್ಕೋ ಉಪ್ಪಿನಕುದ್ರುವಿಗೋ ಹೋಗಿ ಪರದೆಯ ಹಿಂದೆ ಕುಳಿತು ಕೇಳಿದರೆ, ಗಾಜಿನ ಹಿಂದೆ ಮೂಕವಾಗಿ ನಿಂತಿರುವ ರಾಮನಿಗೂ ರಾವಣನಿಗೂ ಇನ್ನೊಂದು ತಲೆಮಾರಿನ ಉಸಿರು ದೊರೆತೀತು.